ಸೋಮವಾರಕ್ಕೆ ಕಟ್ಟಿಟ್ಟ ಪೆಟ್ಟಿಗೆ

ನನ್ನ ತಮ್ಮ ರಾಯ್ಸ್‌ಗೆ ಹೆಣ್ಣು ಜಿಂಕೆಯ ಹೊಟ್ಟೆಯೊಳಗೆ ಏನೇನಿದೆ ಎಂಬುದು ಬಾಯಿಪಾಠ. ಆರ್ಕನ್ಸಾ ರಾಜ್ಯದ ಈ ಗುಡ್ಡಗಾಡಿನಲ್ಲಿ ಬೇಟೆಯ ಕಾಲ ಶುರುವಾಯಿತೆಂದರೆ ಹೊಡೆದ ಜಿಂಕೆಯನ್ನು ಪಿಕಪ್ ಗಾಡಿಯ ಹಿಂದೆ ಹಾಕಿಕೊಂಡು ಎಲ್ಲರೂ ಅವನ ಅಂಗಡಿಗೇ ಬರಬೇಕು. ಚರ್ಮ ಸುಲಿದು, ಮಾಂಸ ಕಡಿದು, ಬಿಳಿ ಕಾಗದದಲ್ಲಿ ಸುತ್ತಿಕೊಡುವವನು ಅವನೇ. ಹೊಟ್ಟೆ ಬಗೆಯಲು ಬಾರದ ಹೊಸ ಹುಡುಗರು ಜಿಂಕೆಯನ್ನು ಇಡಿಯಾಗಿ ತಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಇದು ಗರ್ಭಕೋಶ, ಇದು ಮೂತ್ರದ ಚೀಲ, ಇವಳಿನ್ನೂ ಮರಿ ಹಾಕಿದವಳಲ್ಲ ಎಂದು ಚಾಕುವಿನ ತುದಿಯಲ್ಲಿ ತೋರಿಸಿ ಪಾಠ ಹೇಳುತ್ತಾನೆ. ಅಂಥವನಿಗೆ ಸ್ವಂತ ಮಗಳ ಹೊಟ್ಟೆಯಲ್ಲಿ ಕಂಡದ್ದು ಪಾಪ ಒಂದೇ.

ಸಿಟ್ಟು ಇಳಿದ ಮೇಲೆ ಹೇಳೋಣವೆಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಹೇಳುತ್ತೇನೆ.

ನಾನು ವರ್ಲೀನ್, ಅವನ ಅಕ್ಕ. ಮುಖ್ಯ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಮದುವೆ ಮಾಡಿಕೊಂಡು ಎರಡನ್ನೂ ಬಿಟ್ಟವಳು. ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ಆದ್ದರಿಂದ ರಾಯ್ಸ್‌ನ ಮಗಳು ಟರ್ಜಾ ಜೊತೆ ಒಬ್ಬಳೇ ಕೂತು ಮಾತಾಡುವ ಯೋಗ್ಯತೆ ನನಗಿಲ್ಲವೆಂದು ಅವನ ಮನೆಯಲ್ಲಿ ತೀರ್ಮಾನವಾಗಿತ್ತು.

"ನಿನ್ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಕ್ಕಾ," ಎಂದಿದ್ದ. "ಹುಡುಗಿಗೆ ನಿನ್ ಗಾಳಿ ಬೀಸೋದು ಬೇಡ ಅಷ್ಟೆ."

"ನನ್ ಗಾಳಿ ಬೀಸಿದ್ರೆ ನೆಗಡಿ ಬರ್ಬೋದು ರಾಯ್ಸ್, ಪ್ಲೇಗ್ ಬರಲ್ಲ," ಎಂದೆ. ಅವನಿಗೆ ನಗು ಬರಲಿಲ್ಲ. ಶಾಲಾ ಮಂಡಳಿಗೆ ಆರಿಸಿ ಬಂದ ಮೇಲೆ ಅವನು ನಗುವುದನ್ನೇ ಬಿಟ್ಟಿದ್ದ.

ಮಂಡಳಿಗೆ ಬಂದವನು ಮಾಡಿದ ಮೊದಲ ಕೆಲಸವನ್ನು ಊರೇ ಹೊಗಳಿತು. ಹೈಸ್ಕೂಲಿನ ಆರೋಗ್ಯದ ಪುಸ್ತಕದಲ್ಲಿ ಮೈ ನೆರೆಯುವುದು, ಮುಟ್ಟು, ಗರ್ಭ ಎಂದೆಲ್ಲ ಒಂದು ಅಧ್ಯಾಯವಿತ್ತು. ಮಕ್ಕಳು ಅದನ್ನು ನೋಡಿ ಕೆಡುತ್ತವೆ ಎಂದು ಒಂದು ಶನಿವಾರ ಶಾಲೆಯ ಲೈಬ್ರರಿಯಲ್ಲಿ ಅಪ್ಪ ಅಮ್ಮಂದಿರೆಲ್ಲ ಸೇರಿದರು. ಕಾಫಿ ಇತ್ತು, ಡೋನಟ್ ಇತ್ತು, ಮೊದಲಿಗೆ ಪ್ರಾರ್ಥನೆಯೂ ಆಯಿತು. ರಾಯ್ಸ್ ತನ್ನ ಅಂಗಡಿಯಿಂದ ಮೂಳೆ ಬಿಡಿಸುವ ಸಣ್ಣ ಚಾಕುಗಳನ್ನು ಮಸೆದು ತಂದಿದ್ದ. ಎಲ್ಲರೂ ಸಾಲಾಗಿ ಕೂತು, ನಗುತ್ತಾ, ಮಾತಾಡುತ್ತಾ, ಒಂದೊಂದೇ ಪುಸ್ತಕದಿಂದ ಆ ಅಧ್ಯಾಯವನ್ನು ಬುಡಕ್ಕೆ ಕೊಯ್ದು ತೆಗೆದರು. ಅವನ ಹೆಂಡತಿ ಡಾರ್ಲಾ ಹಾಳೆಗಳನ್ನು ಒಟ್ಟುಮಾಡಿ ಚೀಲಕ್ಕೆ ತುಂಬಿದಳು. ಆ ಹಾಳೆಗಳಲ್ಲಿ ಒಂದರಲ್ಲಿ, ಹದಿನಾಲ್ಕಾದರೂ ಮುಟ್ಟಾಗದೆ ತಿಂಗಳು ತಿಂಗಳೂ ಹೊಟ್ಟೆ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ ಎಂಬ ಒಂದು ಸಾಲು ಇದ್ದಿರಲಿಕ್ಕೂ ಸಾಕು. ಯಾರು ಓದಿದ್ದರು?

ಆ ಅಧ್ಯಾಯದ ಬದಲು ಬಂದವನು ಫುಟ್‌ಬಾಲ್ ಕೋಚ್ ಪ್ರೂಯಿಟ್. ನಮ್ಮ ಕಡೆ ಆರೋಗ್ಯದ ಪಾಠ ಕೋಚ್‌ಗೇ ಕಟ್ಟುವುದು, ಬೇರೆ ಪಾಠ ಅವನಿಗೆ ಬರುವುದಿಲ್ಲ. ಅವನು ಮಾಡಿದ್ದನ್ನು ಟರ್ಜಾಳೇ ನನಗೆ ಹೇಳಿದಳು, ಕೂದಲಿನ ತುದಿ ಕತ್ತರಿಸಿಕೊಳ್ಳಲು ಬಂದಾಗ. ಪಕ್ಕದ ಕುರ್ಚಿಯಲ್ಲಿ ಡಾರ್ಲಾ ಕಾವಲು ಕೂತಿದ್ದಳು.

"ಒಂದು ಅಂಟು ಟೇಪ್ ತಂದಿದ್ರು ಅತ್ತೆ. ಮೊದ್ಲು ನನ್ ಕೈಗೆ ಅಂಟಿಸಿ ಕಿತ್ರು. ಆಮೇಲೆ ಹುಡುಗ್ರ ಕೈಗೆಲ್ಲ ಅಂಟಿಸ್ತಾ ಕೀಳ್ತಾ ಹೋದ್ರು. ಕೊನೆಗೆ ಅದ್ರ ತುಂಬಾ ಕೂದ್ಲು, ಕೊಳೆ. ಗೋಡೆಗೂ ಅಂಟಲಿಲ್ಲ. ಮದುವೆಗೆ ಮೊದ್ಲು ತಪ್ಪು ಮಾಡಿದ ಹುಡುಗಿ ಅಂದ್ರೆ ಇದೇ ಅಂತ ಹೇಳಿ ಕಸದ ಬುಟ್ಟಿಗೆ ಹಾಕಿದ್ರು."

"ಮತ್ತೆ ಆ ಹುಡುಗ್ರ ಕೈ ಏನಾಯ್ತು? ಅವೂ ಬುಟ್ಟಿಗೆ ಹೋದ್ವಾ?" ಎಂದೆ.

ಟರ್ಜಾ ಕಿಸಕ್ಕನೆ ನಕ್ಕಳು. ಡಾರ್ಲಾ ಗಂಟಲು ಸರಿಪಡಿಸಿಕೊಂಡಳು.

"ಅಷ್ಟೇನಾ ಪಾಠ?"

"ಪ್ರಶ್ನೆ ಇದ್ರೆ ಮನೇಲಿ ಕೇಳಿ ಅಂದ್ರು."

"ನಿಂಗೇನಾದ್ರೂ ಪ್ರಶ್ನೆ ಇತ್ತಾ ಮಗಾ?"

ಹುಡುಗಿ ಕನ್ನಡಿಯೊಳಗೆ ಅಮ್ಮನ ಮುಖ ನೋಡಿದಳು. "ಇಲ್ಲ," ಎಂದಳು.

ಅವಳ ಬೆರಳಲ್ಲಿ ಸಣ್ಣ ಬೆಳ್ಳಿಯ ಉಂಗುರವಿತ್ತು. ಹದಿಮೂರು ತುಂಬಿದ ಹೆಣ್ಣುಮಕ್ಕಳಿಗೆ ಚರ್ಚಿನ ಊಟದ ದಿನ ಅಪ್ಪಂದಿರು ತೊಡಿಸುವ ಉಂಗುರ. ಮದುವೆಯ ದಿನದವರೆಗೂ ಶುದ್ಧವಾಗಿರುತ್ತೇನೆಂದು ಹುಡುಗಿ ಮಾತು ಕೊಡಬೇಕು, ಕಾಯುತ್ತೇನೆಂದು ಅಪ್ಪ ಮಾತು ಕೊಡಬೇಕು. ರಾಯ್ಸ್ ಆ ದಿನ ಅತ್ತಿದ್ದನಂತೆ. ಅವನು ಸುಳ್ಳು ಅಳು ಅಳುವವನಲ್ಲ. ಮಗಳ ಮೇಲೆ ಪ್ರಾಣ ಇಟ್ಟಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರುತ್ತದೆ.

ಬೇಸಗೆ ಕಳೆಯುವ ಹೊತ್ತಿಗೆ ಟರ್ಜಾಳ ಮುಖ ಬಿಳಚಿಕೊಂಡಿತು. ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಶಾಲೆಗೆ ಹೋಗುವುದಿಲ್ಲ ಎಂದು ಕೇಳಿದೆ. ಡಾರ್ಲಾ ಪುದೀನ ಕಷಾಯ ಕುಡಿಸುತ್ತಿದ್ದಳು. ಆಮೇಲೆ ನನ್ನ ಅಂಗಡಿಯಲ್ಲೇ ಕೂದಲು ಒಣಗಿಸಿಕೊಳ್ಳುತ್ತಾ ಇಬ್ಬರು ಹೆಂಗಸರು ಮಾತಾಡಿಕೊಂಡರು. ಕೂದಲು ಒಣಗಿಸುವ ಯಂತ್ರದ ಕೆಳಗೆ ಕೂತವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ.

"ರಾಯ್ಸ್ ಮಗ್ಳು ಚರ್ಚಲ್ಲಿ ಹಾಡೋವಾಗ ಹಾಕೋ ಗೌನು ದೊಡ್ಡದು ಕೇಳಿದಾಳಂತೆ."

"ಹೊಟ್ಟೆ ಮುಂದೆ ಬಂದಿದ್ಯಂತಲ್ಲ."

"ಉಂಗುರ ಹಾಕ್ದೋರ ಕಥೆನೇ ಹೀಗಾದ್ರೆ."

ಇಬ್ಬರ ಯಂತ್ರವನ್ನೂ ಆರಿಸಿ, ಅರ್ಧ ಒದ್ದೆ ತಲೆಯಲ್ಲೇ ಮನೆಗೆ ಕಳಿಸಿದೆ. ಆದರೆ ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಲಿ? ಮಾತು ರಾಯ್ಸ್‌ನ ಕಿವಿಗೂ ಬಿತ್ತು. ಬಿದ್ದ ದಿನವೇ ಊಟದ ಮೇಜಿನ ಮೇಲೆ ಕೈ ಚಾಚಿ, ಉಂಗುರ ಬಿಚ್ಚಿಕೊಡು ಎಂದನಂತೆ. ನಾನು ಯಾರ ಜೊತೆಗೂ ಏನೂ ಮಾಡಿಲ್ಲ ಅಪ್ಪಾ ಎಂದು ಹುಡುಗಿ ಅತ್ತಳಂತೆ. ಅವನು ಉಂಗುರವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ಹೋದನಂತೆ. ಅಂದಿನಿಂದ ಮಾತು ಬಂದ್.

ಡಾಕ್ಟರಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ, ಏಕೆಂದರೆ ಊರ ಕ್ಲಿನಿಕ್ಕಿನ ಬಾಗಿಲಲ್ಲಿ ಕೂರುವವಳು ಅವರ ಚರ್ಚಿನ ಪಾಸ್ಟರ್ ಹೋಲಿಸ್ಟರ್‌ನ ನಾದಿನಿ. ಅಂಗಡಿಯಿಂದ ಬಸಿರು ಪರೀಕ್ಷೆಯ ಕಡ್ಡಿ ತರಬಹುದಿತ್ತು. ತರಲಿಲ್ಲ, ಗಲ್ಲಾದಲ್ಲಿರುವವಳು ಭಾನುವಾರ ಡಾರ್ಲಾ ಪಕ್ಕದಲ್ಲೇ ಕೂರುತ್ತಾಳೆ. ಪರೀಕ್ಷೆ ಮಾಡಿದರೆ ಜನಕ್ಕೆ ಗೊತ್ತಾಗುತ್ತದೆ, ಮಾಡದಿದ್ದರೆ ಮಾನ ಉಳಿಯುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ. ಪಾಸ್ಟರ್ ಒಂದು ದಾರಿ ಹೇಳಿಕೊಟ್ಟ. ಪಕ್ಕದ ರಾಜ್ಯ ಮಿಸ್ಸೂರಿಯಲ್ಲಿ ಇಂಥ ಹುಡುಗಿಯರಿಗೆಂದೇ ಒಂದು ಆಶ್ರಮವಿದೆ, ಹೆರಿಗೆಯಾಗುವವರೆಗೂ ಇಟ್ಟುಕೊಳ್ಳುತ್ತಾರೆ, ಮಗುವನ್ನು ಅವರೇ ಯಾರಿಗಾದರೂ ಕೊಡುತ್ತಾರೆ, ಸೋಮವಾರ ಕರೆದುಕೊಂಡು ಹೋಗಿಬಿಡು ಎಂದ.

ಇಷ್ಟೂ ನನ್ನ ಅಂಗಡಿಯ ಕುರ್ಚಿಯವರೆಗೆ ಬಂದು ನನಗೆ ತಿಳಿದದ್ದು ಶುಕ್ರವಾರ. ಶನಿವಾರ ಬೆಳಿಗ್ಗೆ ಅಂಗಡಿ ಮುಚ್ಚಿ, ಪಕ್ಕದ ಜಿಲ್ಲೆಗೆ ಗಾಡಿ ಓಡಿಸಿ, ಆ ಕಡ್ಡಿ ಕೊಂಡು ರಾಯ್ಸ್‌ನ ಮನೆಗೆ ನುಗ್ಗಿದೆ. ಬೇಟೆ ಶುರುವಾಗಿ ಒಂದು ವಾರವೂ ಆಗಿರಲಿಲ್ಲ, ಅವನು ಅಂಗಡಿ ಬಿಟ್ಟು ಬರುವ ಸಂಭವವಿರಲಿಲ್ಲ. ಬಾಗಿಲ ಪಕ್ಕದಲ್ಲೇ ಹುಡುಗಿಯ ಪೆಟ್ಟಿಗೆ ಕಟ್ಟಿ ನಿಲ್ಲಿಸಿದ್ದರು. ಡಾರ್ಲಾ ಹೆಣೆದು ಮಿಕ್ಕಿದ್ದ ಹಳದಿ ಉಣ್ಣೆಯ ಉಂಡೆಯನ್ನು ದಿಂಬಿನ ಕೆಳಗೆ ತುರುಕಿ ಎದ್ದಳು.

"ವರ್ಲೀನ್, ಅವ್ರಿಗೆ ಗೊತ್ತಾದ್ರೆ."

"ಗೊತ್ತಾಗ್ಲಿ. ನನ್ ಹೆಸ್ರು ಹೇಳು. ಹುಡ್ಗಿ ಎಲ್ಲಿ?"

ಟರ್ಜಾ ಬಚ್ಚಲುಮನೆಯ ನೆಲದ ಮೇಲೆ ಮುದುರಿ ಕೂತಿದ್ದಳು. ಹಣೆ ತುಂಬ ಬೆವರು. ಬಾಗಿಲು ಹಾಕಿಕೊಂಡು ಕಡ್ಡಿ ಕೈಗೆ ಕೊಟ್ಟೆ.

"ಇದ್ರ ಮೇಲೆ ಉಚ್ಚೆ ಹೊಯ್ಯಬೇಕು ಮಗಾ. ನೀನು ಹೇಳೋದು ನಿಜ ಅಂತ ನಂಗೆ ಗೊತ್ತು. ಅವ್ರ ಮುಖಕ್ಕೆ ಹಿಡಿಯೋಕೆ ಬೇಕು ಅಷ್ಟೆ."

ಅವಳು ಕೂತಳು. ಕಾದೆ. ಅವಳು ತುಟಿ ಕಚ್ಚಿ ಅಳತೊಡಗಿದಳು.

"ಬರ್ತಿಲ್ಲ ಅತ್ತೆ. ನಿನ್ನೆ ಸಾಯಂಕಾಲದಿಂದ ಬರ್ತಿಲ್ಲ. ತುಂಬಾ ಬರೋ ಹಾಗಿದೆ, ಆದ್ರೆ ಬರ್ತಿಲ್ಲ."

ಅಂಗಿ ಎತ್ತಿ ನೋಡಿದೆ. ಹೊಕ್ಕುಳ ಕೆಳಗೆ ಗಟ್ಟಿಯಾಗಿ ಉಬ್ಬಿತ್ತು. ಕೈ ತಾಗಿಸಿದರೆ ಚೀರಿದಳು. ಕಡ್ಡಿಯನ್ನು ಕಸಕ್ಕೆಸೆದು ಅವಳನ್ನು ಎತ್ತಿಕೊಂಡೇ ಹೊರಗೆ ಬಂದೆ. "ಆಸ್ಪತ್ರೆಗೆ ಹೋಗ್ತಿದ್ದೀನಿ, ಗಂಡನ್ನ ಕರ್ಕೊಂಡು ಬಾ," ಎಂದು ಡಾರ್ಲಾಗೆ ಹೇಳಿದೆ. ಅವಳು ಬಾಗಿಲಲ್ಲಿ ಪೆಟ್ಟಿಗೆಯ ಪಕ್ಕ ನಿಂತೇ ಇದ್ದಳು.

ದೊಡ್ಡ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಎಸ್ಟ್ರಾಡಾ ಎಂಬ ಹೆಂಗಸು ಇದ್ದಳು. ಮೊದಲು ಕೊಳವೆ ಹಾಕಿ ಮೂತ್ರ ತೆಗೆಸಿದಳು. ಟರ್ಜಾ ಉಸಿರು ಬಿಟ್ಟ ಸದ್ದು ನನಗೆ ಪರದೆಯಾಚೆಗೂ ಕೇಳಿಸಿತು. ಆಮೇಲೆ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ನೋಡಿ, ಕೆಳಗೂ ಒಮ್ಮೆ ನೋಡಿ, ಮಂಚದ ಅಂಚಿನಲ್ಲಿ ಕೂತು ಹುಡುಗಿಗೇ ನೇರವಾಗಿ ಹೇಳಿದಳು.

"ನೀನು ಬಸಿರಿ ಅಲ್ಲ ಕಂದಾ. ಮುಟ್ಟಿನ ರಕ್ತ ಹೊರಗೆ ಬರೋ ದಾರೀಲಿ ಒಂದು ತೆಳು ಪೊರೆ ಇರತ್ತೆ. ಎಲ್ರಿಗೂ ಅದ್ರಲ್ಲಿ ಕಂಡಿ ಇರತ್ತೆ, ನಿಂಗೆ ಹುಟ್ಟಿದಾಗಿಂದ ಪೂರ್ತಿ ಮುಚ್ಚಿಕೊಂಡಿದೆ. ರಕ್ತ ಒಳಗೇ ನಿಂತು ನಿಂತು ಮೂತ್ರದ ದಾರೀನೂ ಒತ್ತಿದೆ. ಇದ್ರಲ್ಲಿ ನಿನ್ ತಪ್ಪು ಏನೂ ಇಲ್ಲ."

ಟರ್ಜಾ ಮೊಣಕೈಯೂರಿ ಅರ್ಧ ಎದ್ದಳು. "ಅಂದ್ರೆ ನಂಗೆ ಬಂದಿತ್ತಾ?"

"ತಿಂಗಳು ತಿಂಗಳೂ ಬಂದಿದೆ. ಹೊರಗೆ ಬರೋಕೆ ದಾರಿ ಇರಲಿಲ್ಲ."

"ಎಲ್ಲಾ ಹುಡುಗೀರಿಗೂ ಬಂತು, ನಂಗೆ ಬಂದಿಲ್ಲ ಯಾಕೆ ಅಂತ ಕೇಳ್ಬೇಕು ಅಂತಿದ್ದೆ," ಎಂದಳು ನನ್ನ ಕಡೆ ತಿರುಗಿ. "ಅವತ್ತು ನಿನ್ ಅಂಗಡೀಲಿ."

ಅವತ್ತು ನಾನು ಎರಡನೇ ಸಲ ಕೇಳಲಿಲ್ಲ. ಇಡೀ ಊರಿಗೆ ಉತ್ತರ ಕೊಡುವ ಬಾಯಿ ನನ್ನದು.

ರಾಯ್ಸ್ ಮತ್ತು ಡಾರ್ಲಾ ಬಂದರು. ಅವನು ಅಂಗಡಿಯ ರಬ್ಬರ್ ಬೂಟಿನಲ್ಲೇ ಬಂದಿದ್ದ, ತೋಳಿನ ಮೇಲೆ ಒಣಗಿದ ರಕ್ತವಿತ್ತು. ಮಗಳು ಬಸಿರಿಯಲ್ಲ, ಯಾರೂ ಅವಳನ್ನು ಮುಟ್ಟಿಯೇ ಇಲ್ಲ ಎಂದು ಡಾಕ್ಟರ್ ಹೇಳಿದ ಕೂಡಲೇ ಆ ನೆಲದ ಮೇಲೇ ಮೊಣಕಾಲೂರಿ ಕೂತುಬಿಟ್ಟ. ದೇವರಿಗೆ ಸ್ತೋತ್ರ ಹೇಳಿದ, ಗಳಗಳ ಅತ್ತ. ಜೇಬಿನಿಂದ ಉಂಗುರ ತೆಗೆದು ಮಗಳ ಬೆರಳಿಗೆ ತೊಡಿಸಿದ.

"ನನ್ ಮಗ್ಳು ಶುದ್ಧವಾಗಿದ್ದಾಳೆ. ನಂಗೆ ಗೊತ್ತಿತ್ತು," ಎಂದ.

ಗೊತ್ತಿತ್ತಂತೆ. ಕುರ್ಚಿ ಎಳೆದುಕೊಂಡು ಕೂತೆ.

"ಒಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡ್ಬೇಕು," ಎಂದಳು ಡಾಕ್ಟರ್. "ಒಂದು ಪೊರೆ ಅಡ್ಡ ಬಂದು ಮುಟ್ಟಿನ ರಕ್ತ ಒಳಗೇ ನಿಂತಿದೆ, ಆ ಪೊರೇನ ಕತ್ತರಿಸಿ ದಾರಿ ಮಾಡ್ತೀವಿ. ಬೇಗ ಮುಗಿಯತ್ತೆ, ಇವತ್ತೇ ಮಾಡೋಣ. ನಿಮ್ಮ ಒಪ್ಪಿಗೆ ಬೇಕು."

"ಯಾವ ಪೊರೆ?"

"ಕನ್ಯಾಪೊರೆ ಅಂತೀರಲ್ಲ, ಅದೇ."

ರಾಯ್ಸ್ ನಿಧಾನವಾಗಿ ಎದ್ದು ನಿಂತ. ಮುಖದ ಮೇಲಿನ ಕಣ್ಣೀರು ಇನ್ನೂ ಒಣಗಿರಲಿಲ್ಲ.

"ಅದನ್ನ ಕತ್ತರಿಸಿದ್ರೆ," ಎಂದ, "ಆಮೇಲೆ ಅವ್ಳು... ಆಮೇಲೆ ಅವ್ಳನ್ನ ಏನಂತಾರೆ?"

"ಆರೋಗ್ಯವಾಗಿದ್ದಾಳೆ ಅಂತಾರೆ," ಎಂದಳು ಡಾಕ್ಟರ್.

"ಹಾಗಲ್ಲ. ನಾನು ಮಾತು ಕೊಟ್ಟಿದ್ದೀನಿ. ನಾಳೆ ಅವ್ಳ ಗಂಡನಿಗೆ ಏನು ಹೇಳ್ಲಿ? ಸೂಜಿ ಹಾಕಿ ರಕ್ತ ಎಳೆದು, ಅದನ್ನ ಹಾಗೇ ಬಿಡೋಕಾಗಲ್ವಾ?"

"ಆಗಲ್ಲ. ನಂಜಾಗತ್ತೆ. ಮುಂದಿನ ತಿಂಗಳು ಮತ್ತೆ ತುಂಬಿಕೊಳ್ಳತ್ತೆ."

"ಪಾಸ್ಟರ್‌ನ ಒಂದು ಮಾತು ಕೇಳ್ಬೇಕು," ಎಂದ. ಹೊರಗೆ ಹೋಗಿ ಫೋನ್ ಹಚ್ಚಿದ. ಪಾಸ್ಟರ್ ಹೋಲಿಸ್ಟರ್ ಬೇಟೆಗೆ ಹೋಗಿದ್ದ. ಜಿಂಕೆ ಬೆದರಬಾರದೆಂದು ಫೋನ್ ಆರಿಸಿ, ಮರದ ಮೇಲಿನ ಮಚಾನಿನಲ್ಲಿ ಕೂತಿದ್ದಾನೆ ಎಂದು ಅವನ ಹೆಂಡತಿ ಹೇಳಿದಳು. ಯಾರನ್ನಾದರೂ ಕಾಡಿಗೆ ಕಳಿಸಿ ಇಳಿಸುತ್ತೇನೆ, ಸ್ವಲ್ಪ ಕಾಯಿ ಎಂದಳು. ರಾಯ್ಸ್ ಗೋಡೆಗೊರಗಿ ಕಾಯುತ್ತಾ ನಿಂತ. ಹದಿನಾಲ್ಕು ವರ್ಷದ ಹುಡುಗಿ ಕೊಳವೆ ಹಾಕಿಸಿಕೊಂಡು ಮಲಗಿರಬೇಕು, ಬಂದೂಕು ಹಿಡಿದು ಮರ ಹತ್ತಿದವನು ಇಳಿದು ಬರುವವರೆಗೆ.

ನಾನು ಎದ್ದೆ.

"ಲೋ ರಾಯ್ಸ್. ಒಂದು ಜಿಂಕೆ ಹೊಟ್ಟೆ ಸೀಳೋಕೆ ಯಾವತ್ತಾದ್ರೂ ಪಾಸ್ಟರ್‌ನ ಕೇಳಿದ್ದೀಯೇನೋ?"

"ಅಕ್ಕಾ, ಇದು ನಿಂಗೆ ಅರ್ಥ ಆಗಲ್ಲ."

"ನಂಗಾ? ಎರಡು ಗಂಡಂದಿರನ್ನ ಅರ್ಥ ಮಾಡ್ಕೊಂಡಿದ್ದೀನಿ, ಇದು ಅರ್ಥ ಆಗಲ್ವಾ? ಪುಸ್ತಕ ಕೊಯ್ಯೋವಾಗ ನಿನ್ ಕೈ ನಡುಗಲಿಲ್ಲ. ಮಗಳು ಸಾಯೋ ಹಾಗೆ ಒದ್ದಾಡ್ತಿದ್ರೆ ಒಂದು ಸಹಿ ಹಾಕೋಕೆ ನಡುಗತ್ತಾ?"

ಪರದೆಯ ಹಿಂದಿನಿಂದ ಟರ್ಜಾ ಕರೆದಳು. ಜೋರಾಗಿ ಅಲ್ಲ.

"ಅಪ್ಪಾ."

ಅವನು ಪರದೆ ಸರಿಸಿ ಒಳಗೆ ಹೋದ.

"ಅಪ್ಪಾ, ನಾನು ನಿಜವಾಗ್ಲೂ ಬಸಿರಾಗಿದ್ದಿದ್ರೆ?"

"ಆಗಿಲ್ವಲ್ಲ ಕಂದಾ. ಆ ಮಾತು ಈಗ್ಯಾಕೆ?"

"ಆಗಿದ್ದಿದ್ರೆ ಇಲ್ಲಿಗೆ ಬರ್ತಿದ್ರಾ?"

ರಾಯ್ಸ್ ಬಾಯಿ ತೆರೆದ. ಮಗಳು ನೇರವಾಗಿ ಕೇಳಿದರೆ ಅವನು ಸುಳ್ಳು ಹೇಳುವವನಲ್ಲ, ಆ ಒಂದು ಗುಣವನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು. ಹಾಗಾಗಿ ಏನೂ ಹೇಳದೆ ಬಾಯಿ ಮುಚ್ಚಿದ.

ಆಗ ಡಾರ್ಲಾ ಡಾಕ್ಟರ್ ಹತ್ತಿರ ಹೋಗಿ ಪೆನ್ನು ಕೇಳಿದಳು. ಗಂಡನ ಮುಖ ನೋಡದೆ ಒಂದು ಹಾಳೆಗೂ ಸಹಿ ಹಾಕಿದವಳಲ್ಲ ಅವಳು. ಎಲ್ಲಿ ಹಾಕಬೇಕೆಂದು ಡಾಕ್ಟರ್ ಬೆರಳಿಟ್ಟು ತೋರಿಸಬೇಕಾಯಿತು. ಹಾಕಿ, ಪೆನ್ನನ್ನು ಮುಚ್ಚಿ ವಾಪಸು ಕೊಟ್ಟಳು.

ನರ್ಸ್ ಬಂದು, ಮೈಮೇಲೆ ಲೋಹ ಇರಬಾರದು, ಉಂಗುರ ತೆಗಿ ಎಂದಳು. ಟರ್ಜಾ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು.

"ನಿಮ್ ಹತ್ರಾನೇ ಇರ್ಲಿ," ಎಂದಳು.

ಚಿಕಿತ್ಸೆ ಮುಗಿದು, ಅವಳು ಮಂಪರಿನಲ್ಲಿ ಮಲಗಿದ್ದಾಗ ಪಾಸ್ಟರ್ ಫೋನ್ ಮಾಡಿದ. ಡಾಕ್ಟರ್ ಹೇಳಿದ ಹಾಗೆ ಮಾಡಿ, ದೇವರು ಹೃದಯ ನೋಡುತ್ತಾನೆ ಎಂದನಂತೆ. ದೊಡ್ಡ ಕೊಂಬಿನದೊಂದು ಬಿದ್ದಿದೆ, ಸಂಜೆಯೊಳಗೆ ಕಡಿದುಕೊಡಲು ಆಗುತ್ತದಾ ಎಂದೂ ಕೇಳಿದನಂತೆ.

ಭಾನುವಾರ ಮಧ್ಯಾಹ್ನ ಹುಡುಗಿಯನ್ನು ಮನೆಗೆ ಕಳಿಸಿದರು. ಅಂದು ಬೆಳಿಗ್ಗೆಯೇ ರಾಯ್ಸ್ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದ. ನನ್ನ ಮಗಳ ಮೇಲೆ ಸುಳ್ಳು ಅಪವಾದ ಬಂತು, ದೇವರು ಅದನ್ನು ತೊಳೆದ, ಅವಳು ಶುದ್ಧಳೆಂದು ಡಾಕ್ಟರರೇ ಹೇಳಿದ್ದಾರೆ ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒದ್ದೆ ತಲೆಯಲ್ಲಿ ನಾನು ಓಡಿಸಿದ್ದ ಆ ಇಬ್ಬರು ಹೆಂಗಸರೂ ಕಣ್ಣೊರೆಸಿಕೊಂಡರಂತೆ. ಮುಂದಿನ ವಾರ ಎಲ್ಲರೆದುರು ಮತ್ತೆ ಉಂಗುರ ತೊಡಿಸುವುದೆಂದು ನಿಶ್ಚಯವೂ ಆಯಿತು. ಮುಚ್ಚಿಕೊಂಡಿದ್ದ ಪೊರೆಗೆ ಚಪ್ಪಾಳೆ. ಆ ಪೊರೆಯೇ ಅವಳನ್ನು ಕೊಲ್ಲುತ್ತಿದ್ದುದು ಯಾರಿಗೆ ಬೇಕಿತ್ತು?

ಸೋಮವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ನನ್ನ ಮನೆಯ ಮುಂದೆ ರಾಯ್ಸ್‌ನ ಪಿಕಪ್ ನಿಂತಿತು. ಟರ್ಜಾ ಇಳಿದಳು, ನಿಧಾನವಾಗಿ, ಬಾಗಿಲು ಹಿಡಿದುಕೊಂಡು. ಹಿಂದಿನಿಂದ ಅದೇ ಪೆಟ್ಟಿಗೆ ಇಳಿಸಿದ ರಾಯ್ಸ್.

"ಸೋಮವಾರ ಹೊರಡ್ಬೇಕು ಅಂದಿದ್ರಲ್ಲ ಅಪ್ಪಾ ಅಂತಾಳೆ," ಎಂದ ನನಗೆ, ಮಗಳ ಕಡೆ ನೋಡದೆ. "ಕಟ್ಟಿಟ್ಟ ಪೆಟ್ಟಿಗೆ ಬಿಚ್ಚೋಕೇ ಬಿಡ್ಲಿಲ್ಲ. ಎಲ್ಲಿಗೆ ಅಂದ್ರೆ ಇಲ್ಲಿಗೆ ಅಂದ್ಲು. ಎರಡು ದಿನ ಇರ್ಲಿ ಅಕ್ಕಾ. ಸಿಟ್ಟು ಇಳೀಲಿ."

"ಇಳಿಯತ್ತೆ ಅಂತ ಕಾಯ್ತಿರು," ಎಂದೆ.

ಅವನು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟ. ಹೋಗಿ ಬರ್ತೀನಿ ಕಂದಾ ಎಂದ. ಅವಳು ತಲೆಯಾಡಿಸಿದಳು. ಪಿಕಪ್ ಹೋಯಿತು.

ಅವಳನ್ನು ಕೋಣೆಯಲ್ಲಿ ಕೂರಿಸಿ ಪೆಟ್ಟಿಗೆಯನ್ನು ನಾನೇ ಬಿಚ್ಚಿದೆ. ತಿಂಗಳುಗಟ್ಟಲೆ ಇರಲೆಂದು ಡಾರ್ಲಾ ಅಚ್ಚುಕಟ್ಟಾಗಿ ಜೋಡಿಸಿದ್ದಳು. ದೊಡ್ಡ ದೊಡ್ಡ ಅಂಗಿಗಳು, ಬೈಬಲ್ಲು, ಪುದೀನ ಎಲೆಯ ಪೊಟ್ಟಣ. ಎಲ್ಲಕ್ಕಿಂತ ಕೆಳಗೆ ತೆಳು ಕಾಗದದಲ್ಲಿ ಸುತ್ತಿದ್ದೇನೋ ಸಿಕ್ಕಿತು. ಬಿಡಿಸಿದೆ. ಹಳದಿ ಉಣ್ಣೆಯ ಟೋಪಿ, ನನ್ನ ಮುಷ್ಟಿಯಷ್ಟು ದೊಡ್ಡದು. ಎಳೆಗೂಸಿನ ತಲೆಗೆ ಹಾಕುವುದು.

ಹೆಣಿಗೆಯ ಒಂದು ಎಳೆಯೂ ತಪ್ಪಿರಲಿಲ್ಲ. ಎಷ್ಟು ಸಂಜೆ ಕೂತು ಹೆಣೆದಿದ್ದಾಳೋ. ಪಕ್ಕದ ಕೋಣೆಯಲ್ಲೇ ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಎದ್ದು ಹೋಗಿ, ನಿಂಗೆ ಏನಾಗ್ತಿದೆ ಎಂದು ಒಂದು ಮಾತು ಕೇಳಲು ಆ ಹೆಂಗಸಿಗೆ ಬಾಯಿ ಬರಲಿಲ್ಲ, ಯಾರದೋ ಪಾಲಾಗಲಿದ್ದ ಮಗುವಿಗೆ ಟೋಪಿ ಹೆಣೆಯಲು ಕೈ ಬಂತು.

ಟರ್ಜಾ ಟೋಪಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಅಳಲಿಲ್ಲ. ಮಡಿಚಿ ಪಕ್ಕಕ್ಕಿಟ್ಟಳು. ಆಮೇಲೆ ಪೆಟ್ಟಿಗೆಯ ಮೂಲೆ ಮೂಲೆಯಲ್ಲೂ ಕೈಯಾಡಿಸಿದಳು.

"ಏನು ಹುಡುಕ್ತಿದ್ದೀಯಾ ಮಗಾ?"

"ಆಸ್ಪತ್ರೇಲಿ ಕೊಟ್ಟಿದ್ದು ಮುಗೀತು ಅತ್ತೆ," ಎಂದಳು. "ಅಮ್ಮ ಇದ್ರಲ್ಲಿ ಪ್ಯಾಡ್ ಇಟ್ಟಿಲ್ಲ."